ಚೌತಿಯೊಳಗೆ ಸರಿಯಾಗಬೇಕಾದ ಚಾಕು

ಮನುಷ್ಯ ಜೇಬಿನಲ್ಲಿ ಮಡಚುವ ಚಾಕು ಇಟ್ಟುಕೊಂಡನೆಂದರೆ ಒಂದಲ್ಲ ಒಂದು ಪ್ರಸಂಗ ಅವನನ್ನು ಹುಡುಕಿಕೊಂಡು ಬರುತ್ತಲೇ ಇರುತ್ತದೆ. ಚಾಕು ಸುಮ್ಮನಿದ್ದರೂ ಮನೆಯವರು ಸುಮ್ಮನಿರುವುದಿಲ್ಲ. ನನಗೆ ಒದಗಿದ ಕೆಲವನ್ನು, ದೇವರ ಮೇಲೆ ಭಾರ ಹಾಕಿ, ಹೆಚ್ಚು ಸೇರಿಸದೆ ಬರೆಯುತ್ತಿದ್ದೇನೆ.

೧. ಬೆರಳು

ನಮ್ಮದು ಹಳದೀಪುರದ ಹತ್ತಿರ ಸಣ್ಣ ಜಮೀನು. ಮಳೆಗಾಲದಲ್ಲಿ ಭತ್ತ, ಆಮೇಲೆ ಈರುಳ್ಳಿ, ಬದನೆ, ಹರಿವೆ. ಬೇಸಿಗೆಯಲ್ಲಿ ಈರುಳ್ಳಿಯನ್ನು ಗೊಂಚಲು ಕಟ್ಟಿ, ಹೆದ್ದಾರಿ ಬದಿಯಲ್ಲಿ ತೂಗುಹಾಕಿ ಕೂರುವುದು ನನ್ನ ಕೆಲಸ. ಭಟ್ಕಳದಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಸಾಹೇಬರೊಬ್ಬರು ಪ್ರತಿ ವರ್ಷ ಕಾರು ನಿಲ್ಲಿಸಿ ನಮ್ಮಲ್ಲೇ ಈರುಳ್ಳಿ ಕೊಳ್ಳುತ್ತಾರೆ. ಹತ್ತು ವರ್ಷದ ಹಿಂದೆ, ನಾನು ಬಾಳೆನಾರನ್ನು ಹಲ್ಲಿನಿಂದ ಕಚ್ಚಿ ಹರಿಯುವುದನ್ನು ನೋಡಿ ಅವರಿಗೆ ಕನಿಕರ ಬಂತು. ಮುಂದಿನ ವಾರ ಬರುವಾಗ, ದುಬೈಯಲ್ಲಿ ಗೋದಾಮಿನ ಕೆಲಸದಲ್ಲಿದ್ದಾಗ ಕೊಂಡಿದ್ದ ಒಂದು ಮಡಚುವ ಚಾಕು ತಂದುಕೊಟ್ಟರು.

"ಹಲ್ಲು ಉಳಿಸಿಕೊಳ್ಳಿ ಯಜಮಾನ್ರೇ, ಈರುಳ್ಳಿ ತಿನ್ನಲಿಕ್ಕಾದ್ರೂ ಬೇಕಲ್ಲ" ಎಂದರು.

ಅಂದಿನಿಂದ ಅದು ನನ್ನ ಜೇಬು ಬಿಟ್ಟಿಲ್ಲ. ಬಾಳೆಎಲೆಗೆ ಅದೇ, ದರ್ಭೆಗೆ ಅದೇ, ಮಾವಿನ ತೋರಣಕ್ಕೂ ಅದೇ. ಆದರೆ ಎರಡು ವರ್ಷದಿಂದ ಅದರ ಅಲಗು ಹಿಡಿಯಲ್ಲಿ ಅಲುಗಾಡತೊಡಗಿತ್ತು. ಮೊದಲು ಆಚೆ ಈಚೆ, ಆಮೇಲೆ ಮೇಲೆ ಕೆಳಗೆ. ತೆರೆದರೆ "ಟಕ್" ಎಂದು ಲಾಕ್ ಬೀಳುವ ಸದ್ದೂ ನಿಂತುಹೋಯಿತು. ನನಗೂ ಮಂಡಿ ಅಲುಗಾಡುವ ವಯಸ್ಸು, ಅದಕ್ಕೂ ಇರಲಿ ಎಂದು ಬಿಟ್ಟಿದ್ದೆ. ಹೋದ ಶ್ರಾವಣದ ಒಂದು ಶನಿವಾರ ಬಾಳೆಎಲೆ ಕೊಯ್ಯುವಾಗ ಅಲಗು ತಾನಾಗಿ ಮಡಚಿ ನನ್ನ ತೋರುಬೆರಳಿನ ಮೇಲೆ ಕೂತಿತು.

ಮನೆಯಾಕೆ ಎಲೆ ನೋಡಿ, "ಎಂತ ಆತು?" ಎಂದಳು.

"ಎಂತದೂ ಇಲ್ಲ."

"ಎಂತದೂ ಇಲ್ಲದೆ ಬಾಳೆಎಲೆ ಕೆಂಪಾತಾ?"

ಅರಿಶಿನ ಒತ್ತಿ ಬಟ್ಟೆ ಕಟ್ಟಿದ ಮೇಲೆ ಅವಳು ತೀರ್ಪು ಕೊಟ್ಟಳು. ನಮ್ಮಲ್ಲಿ ಚೌತಿಗೆ ಗಣಪತಿಯ ನೆತ್ತಿಯ ಮೇಲೆ ಮರದ ಚೌಕಟ್ಟು ಇಳಿಬಿಟ್ಟು, ಊರಿನ ಕಾಯಿ, ಹಣ್ಣು, ತರಕಾರಿಯನ್ನೆಲ್ಲ ಅದಕ್ಕೆ ಕಟ್ಟುತ್ತೇವೆ. ಅದಕ್ಕೆ ಫಲಾವಳಿ ಎನ್ನುತ್ತಾರೆ. ಅಪ್ಪ ಹೋದ ಮೇಲೆ ಏಣಿ ಹತ್ತಿ ಅದನ್ನು ಕಟ್ಟುವವನು ನಾನು. ಒಂದು ಕೈಯಲ್ಲಿ ಸೌತೆಕಾಯಿ, ಇನ್ನೊಂದರಲ್ಲಿ ಇದೇ ಚಾಕು.

"ಚೌತಿಯೊಳಗೆ ಸರಿಯಾದ್ರೆ ಆತು. ಇಲ್ಲದಿದ್ರೆ ಇದು ಗುಜರಿಗೆ. ಏಣಿ ಮೇಲೆ ನಿಂತು ಗಣಪತಿ ತಲೆಗೆ ರಕ್ತದ ಅಭಿಷೇಕ ಮಾಡೂದು ಬ್ಯಾಡ."

ಚೌತಿಗೆ ಇನ್ನು ಇಪ್ಪತ್ತೆರಡೇ ದಿನ. "ಹಾಗಾದರೆ ಫಲಾವಳಿಯ ಬಳ್ಳಿಯನ್ನು ಯಾವುದರಲ್ಲಿ ಕತ್ತರಿಸಲಿ?" ಎಂದೆ.

"ಹಲ್ಲು ಅದೆಯಲ್ಲ, ಹತ್ತು ವರ್ಷದಿಂದ ಉಳಿಸಿಟ್ಟದ್ದು" ಎಂದಳು.

೨. ಹೊನ್ನಾವರದ ಬಿಗಿ

ಅಲಗಿನ ಬುಡದಲ್ಲಿ ಒಂದು ಸ್ಕ್ರೂ ಇದೆ. ಅದೇ ಸಡಿಲವಾಗಿದೆ ಎಂಬಷ್ಟು ನನಗೂ ತಿಳಿಯಿತು. ಆದರೆ ಅದರ ತಲೆಯಲ್ಲಿದ್ದದ್ದು ನಕ್ಷತ್ರದ ಆಕಾರದ ತೂತು. ನಮ್ಮ ಮನೆಯ ಯಾವ ಸ್ಕ್ರೂ ಡ್ರೈವರ್ರೂ ಅದರೊಳಗೆ ಇಳಿಯಲಿಲ್ಲ. ಹೊನ್ನಾವರದಲ್ಲಿ ಮೊಬೈಲ್ ರಿಪೇರಿ ಮಾಡುವವರ ಹತ್ತಿರ ಅಂಥದ್ದು ಇರುತ್ತದೆಂದು ಯಾರೋ ಹೇಳಿದರು. ಹೋದೆ.

ಬೆರಳಿನ ಕಥೆ, ಮನೆಯಾಕೆಯ ತೀರ್ಪು ಎರಡನ್ನೂ ಕೇಳಿದ ಅಂಗಡಿಯವನು ಚಾಕುವನ್ನು ತಿರುಗಿಸಿ ನೋಡಿ, "ಇದಕ್ಕೆ ಚಾರ್ಜ್ ಎಲ್ಲಿ ಹಾಕೂದು?" ಎಂದು ತಮಾಷೆ ಮಾಡಿದ. ಆಮೇಲೆ ಉಸಿರು ಬಿಗಿಹಿಡಿದು, ಸ್ಕ್ರೂ ಇನ್ನು ತಿರುಗುವುದಿಲ್ಲ ಎನ್ನುವವರೆಗೆ ತಿರುಗಿಸಿ ನನ್ನ ಕೈಗೆ ಕೊಟ್ಟ.

"ಈಗ ಅಲುಗಾಡ್ತದಾ?"

ಜಗ್ಗಿ ನೋಡಿದೆ. "ಇಲ್ಲ."

"ಮುಚ್ಚಿ ನೋಡಿ."

ಮುಚ್ಚಲಿಕ್ಕೆ ಹೋದರೆ ಅಲಗು ಜಪ್ಪಯ್ಯ ಎನ್ನಲಿಲ್ಲ. ನಾನು ಹಿಡಿ ಹಿಡಿದೆ, ಅವನು ಅಲಗಿಗೆ ಬಟ್ಟೆ ಸುತ್ತಿ ಒತ್ತಿದ. ಮೊಬೈಲ್ ಗಾಜು ಹಾಕಿಸಲು ಬಂದಿದ್ದ ಪೋಸ್ಟ್ ಮ್ಯಾನ್ ಕೂಡ ಕೈಕೊಟ್ಟರು. ಮೂವರೂ ಸೇರಿ ಹೇಗೋ ಮುಚ್ಚಿದೆವು. ಮುಚ್ಚಿದ್ದು ಮತ್ತೆ ತೆರೆಯಲಿಲ್ಲ.

ಅಂಗಡಿಯವನು ಬೆವರು ಒರೆಸಿಕೊಂಡು, "ನಿಮ್ಮ ಮನೆಯವರಿಗೆ ಬೇಕಾದ್ದು ಇದೇ ಅಲ್ಲವಾ? ಇನ್ನು ಇದು ಯಾರ ಬೆರಳನ್ನೂ ಕತ್ತರಿಸೂದಿಲ್ಲ" ಎಂದ.

೩. ಕುಮಟೆಯಲ್ಲಿ ಬಣ್ಣ

ಕೊನೆಗೆ ಮೊಬೈಲ್ ಅಂಗಡಿಯವನೇ ಸ್ಕ್ರೂವನ್ನು ಸ್ವಲ್ಪ ಸಡಿಲಿಸಿ ಹದಕ್ಕೆ ತಂದ. ಅಲಗು ಸರಾಗವಾಗಿ ತೆರೆಯಿತು, ಆಚೆ ಈಚೆ ಅಲುಗಾಟವೂ ನಿಂತಿತು. ನಾಲ್ಕು ದಿನಕ್ಕೆ ಸ್ಕ್ರೂ ಮತ್ತೆ ಸಡಿಲ. ಫೋನು ಮಾಡಿದರೆ ಹೇಳಿದ: "ತೆರೆದು ಮುಚ್ಚಿ ಮಾಡಿದ್ರೆ ಅದು ಬಿಚ್ಚಿಕೊಳ್ತದೆ. ಸ್ಕ್ರೂ ತೆಗೆದು ಅದರ ಸುತ್ತಿನ ಎಳೆಗೆ ಒಂದು ಹನಿ ನೇಲ್ ಪಾಲಿಶ್ ಹಚ್ಚಿ ಹಾಕಬೇಕು, ಒಣಗಿದ ಮೇಲೆ ಹಿಡಿದುಕೊಳ್ತದೆ. ತಂದುಕೊಡಿ, ಹಾಕಿಕೊಡ್ತೆ."

ಹಳದೀಪುರದಲ್ಲಾಗಲಿ ಹೊನ್ನಾವರದಲ್ಲಾಗಲಿ ನೇಲ್ ಪಾಲಿಶ್ ಕೇಳಿದರೆ ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆ. ಅದಕ್ಕೆ ಬುದ್ಧಿ ಓಡಿಸಿ, ಎದುರು ದಿಕ್ಕಿನ ಬಸ್ಸು ಹತ್ತಿ ಕುಮಟೆಗೆ ಹೋದೆ. ಒಂದು ಫ್ಯಾನ್ಸಿ ಅಂಗಡಿಯ ಮುಂದೆ ಎರಡು ಸಲ ಹಾದುಹೋಗಿ, ಮೂರನೆಯ ಸಲ ಒಳಹೊಕ್ಕೆ. ಹಣೆಯಲ್ಲಿ ಬೆಳಗಿನ ಗಂಧ ಹಾಗೇ ಇತ್ತು.

"ನೇಲ್ ಪಾಲಿಶ್ ಕೊಡವ್ವಾ."

"ಯಾರಿಗೆ?" ಎಂದಳು ಅಂಗಡಿಯ ಹುಡುಗಿ.

ನಾನು ಸುಳ್ಳು ಹೇಳುವವನಲ್ಲ. "ಚಾಕುವಿಗೆ" ಎಂದೆ.

ಅವಳು ನಗು ತಡೆದುಕೊಂಡು, "ಸೀರೆಗೆ ಮ್ಯಾಚ್ ಮಾಡಿ ತಕೊಂಡು ಹೋಗ್ತಾರೆ. ಚಾಕುವಿಗೆ ಯಾವ ಬಣ್ಣ ಮ್ಯಾಚ್ ಆಗ್ತದೆ ಅಂತ ನಂಗೂ ಗೊತ್ತಿಲ್ಲ" ಎಂದು ಹತ್ತಾರು ಬಾಟಲಿ ಸಾಲಾಗಿ ಇಟ್ಟಳು. ನಾನು ಕಣ್ಣಿಗೆ ಕಂಡ ಗುಲಾಬಿ ಬಣ್ಣದ್ದನ್ನು ಎತ್ತಿ, ದುಡ್ಡು ಕೊಟ್ಟು, ಜೇಬಿಗೆ ಹಾಕಿಕೊಂಡು ಬಾಗಿಲ ಕಡೆ ತಿರುಗಿದೆ. ಹಿಂದೆ ನಮ್ಮ ಪಕ್ಕದ ಮನೆಯ ಅಮ್ಮ, ಬಳೆ ನೋಡುತ್ತ ನಿಂತಿದ್ದರು. ನನ್ನ ಮುಖ ನೋಡಿದರು, ಜೇಬು ನೋಡಿದರು, ಏನೂ ಮಾತಾಡಲಿಲ್ಲ. ಮಾತಾಡಿದ್ದರೆ ಒಳ್ಳೆಯದಿತ್ತು.

ನಾನು ಹೊನ್ನಾವರಕ್ಕೆ ಹೋಗಿ ಸ್ಕ್ರೂ ಹಾಕಿಸಿಕೊಂಡು ಮನೆ ಮುಟ್ಟುವಾಗ ಸುದ್ದಿ ನನಗಿಂತ ಮೊದಲು ಬಂದು ಜಗುಲಿಯಲ್ಲಿ ಕೂತಿತ್ತು. ಮನೆಯಾಕೆ ಚಾಕುವನ್ನು ಕೈಗೆ ತೆಗೆದುಕೊಂಡು ಬುಡದ ಗುಲಾಬಿ ಚುಕ್ಕಿಯನ್ನು ಬಹಳ ಹೊತ್ತು ನೋಡಿದಳು.

"ಮದುವೆಯಾಗಿ ಮೂವತ್ತೆರಡು ವರ್ಷ ಆತು. ನಂಗೆ ಇಂಥದ್ದು ಒಂದು ಸಿಗಬೇಕಾದ್ರೆ, ನಾನೂ ಎಲ್ಲಾದ್ರೂ ಅಲುಗಾಡಬೇಕಿತ್ತು ಕಾಣ್ತದೆ."

ಬಾಟಲಿಯಲ್ಲಿ ಉಳಿದದ್ದನ್ನು ಅವಳ ಕೈಗೇ ಕೊಟ್ಟುಬಿಟ್ಟೆ.

೪. ಕಾವಲು

ಅಡ್ಡ ಅಲುಗಾಟ ಹೋಯಿತು, ಮೇಲೆ ಕೆಳಗೆ ಆಡುವುದು ಹೋಗಲಿಲ್ಲ. ಅಲಗು ತೆರೆದಾಗ ಹಿಡಿಯೊಳಗಿನ ಒಂದು ಉಕ್ಕಿನ ಪಟ್ಟಿ ಸರಿದು ಬಂದು ಅದರ ಬುಡಕ್ಕೆ ಅಡ್ಡ ನಿಲ್ಲಬೇಕು. ಅದೇ ಲಾಕ್. ಆ ಪಟ್ಟಿ ಬಾಗಿಲವರೆಗೆ ಬಂದ ಬೀಗರಂತೆ ಹೊರಗೇ ನಿಲ್ಲುತ್ತಿತ್ತು, ಒಳಗೆ ಬರುತ್ತಿರಲಿಲ್ಲ.

ನಮ್ಮ ಕಡೆ ಬಾಗಿಲು ಕಿರುಗುಟ್ಟಿದರೂ, ಮಂಡಿ ನೋಯುತ್ತಿದ್ದರೂ, ಮಗು ಅತ್ತರೂ ಔಷಧ ಒಂದೇ: ತೆಂಗಿನ ಎಣ್ಣೆ. ನಾನೂ ಅರ್ಧ ಚಮಚ ಲಾಕಿನ ಸಂದಿಗೆ ಹೊಯ್ದು, ರಾತ್ರಿ ಇಳಿಯಲಿ ಎಂದು ಕಿಟಕಿಯಲ್ಲಿ ಇಟ್ಟೆ.

ಬೆಳಿಗ್ಗೆ ಎದ್ದು ನೋಡಿದರೆ ಚಾಕು ಕಾಣಲಿಲ್ಲ, ಚಾಕುವಿನ ಆಕಾರದಲ್ಲಿ ಕೆಂಪಿರುವೆ ಕಂಡವು. ಕೈ ಹಾಕಿ, ಅದೇ ಬೆರಳಿಗೆ ಕಚ್ಚಿಸಿಕೊಂಡು ಕೂಗಿದೆ. ಮನೆಯಾಕೆ ಬಂದು ನೋಡಿದಳು.

"ಲಾಕ್ ಇಲ್ಲದಿದ್ರೆ ಅಡ್ಡಿಲ್ಲ ಬಿಡಿ. ಕಾವಲಿಗೆ ಜನ ಬಂದಾತು" ಎಂದಳು.

೫. ಭಟ್ಕಳದ ತನಿಖೆ

ಚೌತಿಗೆ ಆರು ದಿನ ಉಳಿದಿತ್ತು. ಉಡುಗೊರೆ ಕೊಟ್ಟವರ ಮುಂದೆ ಅದರ ದೋಷ ಹೇಳುವುದು ಸರಿಯಲ್ಲವೆಂದು ಅದುವರೆಗೆ ತಡೆದಿದ್ದೆ. ಇನ್ನು ದಾರಿಯಿಲ್ಲ. ನಾಲ್ಕು ಹೀರೆಕಾಯಿ ಚೀಲಕ್ಕೆ ಹಾಕಿಕೊಂಡು ಭಟ್ಕಳಕ್ಕೆ ಹೋದೆ.

ಸಾಹೇಬರು ಚಾ ತರಿಸಿದರು. ಕನ್ನಡಕ ಏರಿಸಿ ಚಾಕು ತೆರೆದರು. ಗುಲಾಬಿ ಚುಕ್ಕಿ ನೋಡಿ, "ಇದಕ್ಕೆ ಎಲ್ಲಿ ಸಂಬಂಧ ನೋಡಿದ್ರಿ ಯಜಮಾನ್ರೇ?" ಎಂದರು. ಆಮೇಲೆ ಅಲಗಿನ ತುದಿ ಹಿಡಿದು ಆಚೆ ಈಚೆ ಜಗ್ಗಿ, ಮೇಲೆ ಕೆಳಗೆ ಒತ್ತಿ ನೋಡಿದರು.

"ಅಡ್ಡ ಅಲುಗಾಟ ಸ್ಕ್ರೂವಿನದ್ದು, ಅದು ಹೋಗಿದೆ. ಇದು ಬೇರೆ. ಪಟ್ಟಿ ಪೂರ್ತಿ ಬಂದು ಕೂರ್ತಾ ಇಲ್ಲ. ಒಳಗೆ ಎಂತದೋ ಅಡ್ಡ ಕೂತಿದೆ."

ಗೋದಾಮಿನಲ್ಲಿ ದಿನಕ್ಕೆ ಎಷ್ಟೋ ಪೆಟ್ಟಿಗೆ ಇಂಥದ್ದರಲ್ಲೇ ಕುಯ್ದವರು ಅವರು. ಸಲಕರಣೆಯೂ ಅವರ ಹತ್ತಿರವೇ ಇತ್ತು. ಹಳೆಯ ಹಲ್ಲುಜ್ಜುವ ಬ್ರಷ್, ಸ್ವಲ್ಪ ಸೀಮೆಎಣ್ಣೆ, ಒಂದು ಸೂಜಿ. ಹಿಡಿಯ ಒಂದು ಮಗ್ಗುಲನ್ನು ಬಿಚ್ಚಿ ಕೆರೆಯತೊಡಗಿದರು. ಕಾಗದದ ಮೇಲೆ ಹಳದಿ ಪುಡಿ ಬಿತ್ತು, ಆಮೇಲೆ ಕೆಂಪು, ಮತ್ತೆ ಹಳದಿ, ಮತ್ತೆ ಕೆಂಪು.

"ಇದೆಂತ ಮಸಾಲೆ ಯಜಮಾನ್ರೇ? ಇದರಲ್ಲಿ ಬಿರಿಯಾನಿ ಮಾಡಿದ್ರಾ?"

ನಾನು ಚಿಟಿಕೆ ತೆಗೆದು ಮೂಸಿದೆ. ಶುದ್ಧ ಶ್ರೀಗಂಧ. ಆಗ ನನಗೆ ಹೊಳೆಯಿತು.

"ಸಾಹೇಬ್ರೇ, ಇದು ಆಯುಧಪೂಜೆ."

ಪ್ರತಿ ವರ್ಷ ನವರಾತ್ರಿಯಲ್ಲಿ ಕತ್ತಿ, ಗುದ್ದಲಿ, ನೀರಿನ ಪಂಪಿನ ಜೊತೆ ಈ ಚಾಕುವಿಗೂ ಪೂಜೆ. ಮುಚ್ಚಿಟ್ಟರೆ ಮಲಗಿದ ಆಯುಧಕ್ಕೆ ಪೂಜೆ ಮಾಡಿದ ಹಾಗಾಗುತ್ತದೆಂದು ಮನೆಯಾಕೆ ಅದನ್ನು ಪೂರ್ತಿ ತೆರೆದಿಟ್ಟು, ಗಂಧ ಕುಂಕುಮ ಹಚ್ಚಿ, ಅಕ್ಷತೆ ಹಾಕುತ್ತಾಳೆ. ಅಲಗು ಹಿಡಿಗೆ ಸೇರುವ ಸಂದಿಯೇ ಅವಳಿಗೆ ದೇವರ ಜಾಗ. ಹತ್ತು ವರ್ಷದ್ದು ಪದರ ಪದರವಾಗಿ ಕೂತು, ಮೇಲಿನಿಂದ ನನ್ನ ತೆಂಗಿನ ಎಣ್ಣೆಯೂ ಸೇರಿ ಗಾರೆಯಂತಾಗಿತ್ತು. ಕೊನೆಗೆ ಸಾಹೇಬರ ಸೂಜಿ ಒಂದು ಕಡೆ ಸಿಕ್ಕಿಕೊಂಡಿತು. ಮೀಟಿದರು. ಪಟ್ಟಿ ಬಂದು ನಿಲ್ಲಬೇಕಾದ ಜಾಗದಿಂದಲೇ ಒಂದು ಇಡೀ ಅಕ್ಕಿಕಾಳು ಪುಟಿದು ಬಿತ್ತು.

"ಹತ್ತು ವರ್ಷ ಪೂಜೆ ಮಾಡಿದ್ರಿ, ಒಂದು ದಿನ ಬ್ರಷ್ ಹಾಕಲಿಲ್ಲ" ಎಂದರು ಸಾಹೇಬರು. ಎಲ್ಲ ಒರೆಸಿ, ಜೋಡಿಸಿ, ಅಲಗು ತೆರೆದರು. "ಟಕ್" ಎಂದಿತು. ಆ ಸದ್ದು ಕೇಳಿ ನನ್ನ ಕಣ್ಣು ಒದ್ದೆಯಾಯಿತು. ಒತ್ತಿದರೂ ಜಗ್ಗಿದರೂ ಅಲಗು ಕದಲಲಿಲ್ಲ.

ಪುಡಿ, ಅಕ್ಕಿಕಾಳು ಎರಡನ್ನೂ ಅವರು ಅದೇ ಕಾಗದದಲ್ಲಿ ಮಡಚಿದರು. "ದೇವರಿಗೆ ಹಾಕಿದ್ದು, ಅಂಗಡಿ ಕಸಕ್ಕೆ ಹಾಕಲಿಕ್ಕೆ ಆಗೂದಿಲ್ಲ. ಮನೆಗೆ ತಕೊಂಡು ಹೋಗಿ" ಎಂದು ಕೈ ಚಾಚಿದವರು, ನಡುವೆಯೇ ನಿಲ್ಲಿಸಿ ಕೇಳಿದರು, "ಅಕ್ಕಿ ಹಾಕೂದು ನೀವೋ, ಮನೆಯವರೋ?"

"ಮನೆಯವಳೇ."

ಅವರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಹಂಗಾದ್ರೆ ಸ್ಕ್ರೂ ಸಡಿಲ ಆಗಿತ್ತು ಹೇಳಿ. ನಾನಾದ್ರೆ ಸ್ಕ್ರೂ ಅಂತಲೇ ಹೇಳ್ತಿದ್ದೆ."

ಬಸ್ಸು ಮುರ್ಡೇಶ್ವರ ದಾಟುವಷ್ಟರಲ್ಲಿ ಸ್ಕ್ರೂ ಎನ್ನುವುದೆಂದೇ ನಿಶ್ಚಯ ಮಾಡಿದ್ದೆ. ಮನೆಗೆ ಬಂದರೆ ಮನೆಯಾಕೆ ದೇವರ ಮುಂದೆ ದೀಪ ಹಚ್ಚುತ್ತಿದ್ದಳು. ಉರಿಯುವ ದೀಪದ ಮುಂದೆ ನನಗೆ ಸ್ಕ್ರೂ ಎನ್ನಲು ನಾಲಿಗೆ ಏಳಲಿಲ್ಲ. ಚಾಕು ತೆರೆದು "ಟಕ್" ಎನ್ನಿಸಿ ತೋರಿಸಿದೆ. ಅಲಗನ್ನು ಅವಳೇ ಒತ್ತಿ ನೋಡಿದಳು. ಗಟ್ಟಿ.

"ಎಂತ ಆಗಿತ್ತಡ?"

ಕಾಗದ ಬಿಚ್ಚಿ ಮುಂದೆ ಹಿಡಿದೆ. "ಆಯುಧಪೂಜೆಯ ಅಕ್ಷತೆ. ಲಾಕಿನ ಒಳಗೇ ಸಿಕ್ಕಿಕೊಂಡಿತ್ತು."

ಅಕ್ಕಿಕಾಳನ್ನು ನೋಡಿದಳು. ನನ್ನ ಬೆರಳಿನ ಗಾಯದ ಗುರುತು ನೋಡಿದಳು. ಈಗ ಅವಳು ತಪ್ಪು ಒಪ್ಪಿಕೊಳ್ಳುತ್ತಾಳೆ, ನಾನು ದೊಡ್ಡ ಮನಸ್ಸು ಮಾಡಿ "ಇರಲಿ ಬಿಡು" ಎನ್ನಬೇಕು ಎಂದು ಬಾಯಿ ಸಿದ್ಧಮಾಡಿಕೊಂಡೆ. ಅವಳು ಕಾಗದವನ್ನು ಕಣ್ಣಿಗೊತ್ತಿಕೊಂಡಳು.

"ಅಷ್ಟು ವರ್ಷ ಈ ಅಕ್ಷತೆ ಒಳಗೆ ಕೂತು ಕಾಯ್ದದ್ದಕ್ಕೇ ನಿಮ್ಮ ಬೆರಳು ಉಳೀತು. ಅದನ್ನೂ ತೆಗೆಸಿಕೊಂಡು ಬಂದ್ರಲ್ಲ! ಇನ್ನು ಏಣಿ ಮೇಲೆ ನಿಮ್ಮನ್ನ ಕಾಯುವವರು ಯಾರು?"