ಸಾಸೇಜಿಗೆ ನಾನು ಅಂಗಿ ತೊಡಿಸಿದ್ದು

ಕೆಲವರು ನಡೆಯುವಾಗ ಎಡವುತ್ತಾರೆ. ನಾನು ಮಾತಾಡುವಾಗ ಎಡವುತ್ತೇನೆ. ಒಮಾನಿಗೆ ಬಂದು ತಲೆಗೂದಲೆಲ್ಲ ಬೆಳ್ಳಗಾದರೂ, ಬಾಯಿ ತೆರೆದಾಗಲೆಲ್ಲ ಏನಾದರೊಂದು ಪ್ರಸಂಗ ನನ್ನನ್ನು ಹುಡುಕಿಕೊಂಡು ಬರುವುದು ತಪ್ಪಿಲ್ಲ. ನಮ್ಮ ಬಗ್ಗೆ ನಾವೇ ಹೇಳಿಕೊಳ್ಳಬಾರದು, ನಿಜ. ಆದರೆ ನಾನು ಹೇಳದಿದ್ದರೆ ಬೇರೆ ಯಾರೂ ಹೇಳುವ ಲಕ್ಷಣ ಕಾಣುವುದಿಲ್ಲ.

ಚಹಾದ ಹೊತ್ತಿಗೆ ಬಿಟ್ಟ ಬಾಣ

ರುಸೈಲ್‌ನ ಒಂದು ಪೈಪು ಫ್ಯಾಕ್ಟರಿಯಲ್ಲಿ ನಾನು ಸೂಪರ್‌ವೈಸರ್. ನಾನು ರಜೆ ಹಾಕಿದ ದಿನ ಪೈಪುಗಳು ದುಂಡಗೆ ಬರುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಫ್ಯಾಕ್ಟರಿಯ ಅಭಿಪ್ರಾಯ ಇನ್ನೂ ಬಂದಿಲ್ಲ. ಮನೆ ಬರ್ಕಾದಲ್ಲಿ. ಹೆಂಡತಿ, ಹತ್ತನೇ ಕ್ಲಾಸಿನ ಮಗಳು, ನಾನು.

ಹೀಗಿರುವಾಗ ಸುದ್ದಿ ಬಂತು: ದೂರದ ಇಬ್ರಿಯಲ್ಲಿ ಕಂಪೆನಿಯ ಹೊಸ ಡಿಪೋ ಶುರುವಾಗುತ್ತದೆ, ಒಬ್ಬರು ಅಲ್ಲಿಗೆ ಹೋಗಿ ಉಳಿಯಬೇಕು. ಒಂದೋ ನಾನು, ಇಲ್ಲವೇ ಸ್ಟೋರಿನ ಮಲಯಾಳಿ. ಅವನಿಗೆ ಮದುವೆಯಾಗಿಲ್ಲ, ಎಲ್ಲಿದ್ದರೂ ಒಂದೇ. ನನಗೋ, ಮಗಳ ಪರೀಕ್ಷೆಯ ವರ್ಷ. ಹೆಂಡತಿ ಮಗಳನ್ನು ಇಲ್ಲಿ ಬಿಟ್ಟು ನಾನೊಬ್ಬನೇ ಇಬ್ರಿಯಲ್ಲಿ ಕೂರಬೇಕು. ಎರಡು ರಾತ್ರಿ ನಿದ್ದೆ ಬರಲಿಲ್ಲ.

ನಮ್ಮ ಮ್ಯಾನೇಜರು ಒಮಾನಿ. ಎಲ್ಲರೂ ಅವರನ್ನು ಮುದೀರ್ ಅಂತಲೇ ಕರೆಯುವುದು. ಅವರ ಹಿಂದಿ ನನ್ನ ಹಿಂದಿಗಿಂತ ಚೆನ್ನಾಗಿದೆ. "ಡಿಪೋದ ಹತ್ತಿರ ಒಂದು ಹೋಟೆಲೂ ಇಲ್ಲ. ಯೋಚಿಸಿ ಹೇಳುತ್ತೇನೆ," ಎಂದಿದ್ದರು. ಒಂದು ದಿನ ಚಹಾದ ಹೊತ್ತಿಗೆ ಅವರು ಕಾಫಿ ಶಾಪಿನ ತಣ್ಣಗಿನ ಸಾಸೇಜ್ ರೋಲ್ ಕಚ್ಚಿ ಮುಖ ಹುಳ್ಳಗೆ ಮಾಡಿದರು. ಇವರನ್ನು ಒಲಿಸಿಕೊಳ್ಳಲು ಇದೇ ಸಮಯ ಎಂದುಕೊಂಡೆ.

"ಸಾಬ್, ಇದೂ ಒಂದು ರೋಲೇ? ನಾನು ಮಾಡುವುದನ್ನು ನೀವು ತಿನ್ನಬೇಕು!"

"ನೀವು ಮಾಡುತ್ತೀರಾ?"

"ಸ್ವಂತ ಕೈಯಿಂದ."

"ಯಲ್ಲಾ, ಆಗಲಿ, ಗುರುವಾರ ಸಂಜೆ ನಿಮ್ಮ ಮನೆಗೆ ಬರುತ್ತೇನೆ."

ಮನೆಗೆ ಬಂದು ಹೇಳಿದೆ. ಹೆಂಡತಿ ಸೌಟು ಕೆಳಗಿಟ್ಟಳು. "ಅಲ್ಲ ಮಾರಾಯ್ರೇ, ನಿಮಗೆ ಸ್ಟವ್ ಹಚ್ಚಲಿಕ್ಕೆ ಬರ್ತದಾ?"

"ಸ್ಟವ್ ಯಾರಿಗೆ ಬೇಕು?" ಅಂದೆ. "ನಮ್ಮದು ಕರೆಂಟಿನದ್ದು!"

ನೀರಿಲ್ಲದೆ ಬೇಯುವುದುಂಟೇ?

ಕರೆಂಟಿನದ್ದು ಅಂದರೆ ಸ್ಲೋ ಕುಕ್ಕರ್, ಗಂಟೆಗಟ್ಟಲೆ ನಿಧಾನವಾಗಿ ಬೇಯಿಸುವ ಪಾತ್ರೆ. ಸೂಪರ್ ಮಾರ್ಕೆಟಿನ ಲಕ್ಕಿ ಡ್ರಾದಲ್ಲಿ ನಾನು ನನ್ನ ಸ್ವಂತ ಪ್ರತಿಭೆಯಿಂದ ಗೆದ್ದದ್ದು. ನಮ್ಮ ಫ್ಲಾಟಿನ ಓವನ್ ಕೆಟ್ಟು ಕೂತು ಬಹಳ ಕಾಲವಾಗಿತ್ತು. ಅದರೊಳಗೆ ಇವಳು ಬಾಣಲೆಗಳನ್ನು ಇಡುತ್ತಾಳೆ.

ಗುರುವಾರದ ಮೊದಲು ಒಂದು ಟ್ರಯಲ್ ಆಗಲಿ ಅಂತ ಚಿಕನ್ ಸಾಸೇಜ್ ತಂದೆ. ಮೈದಾ ಕಲಸಿ, ಪಟ್ಟಿ ಪಟ್ಟಿ ಮಾಡಿ, ಸಾಸೇಜಿನ ತುಂಡುಗಳಿಗೆ ಸುತ್ತಿದೆ. ನೋಡಲಿಕ್ಕೆ ತೊಟ್ಟಿಲ ಮಕ್ಕಳ ಹಾಗೆ ಇತ್ತು. ನಾನು ಕರಾವಳಿಯವನು. ಹಲಸಿನ ಎಲೆಯ ಕೊಟ್ಟೆಯಲ್ಲಿ ಕಡುಬು, ಅರಿಶಿನ ಎಲೆಯಲ್ಲಿ ಗಟ್ಟಿ, ಕೆಸುವಿನ ಎಲೆಯಲ್ಲಿ ಪತ್ರೊಡೆ: ನಮ್ಮಲ್ಲಿ ಸುತ್ತಿದ್ದೆಲ್ಲ ಹಬೆಯಲ್ಲೇ ಬೇಯಬೇಕು. ಕುಕ್ಕರಿನ ತಳಕ್ಕೆ ಎರಡು ಚೊಂಬು ನೀರು ಹೊಯ್ದೆ.

"ಪಪ್ಪಾ, ರೆಸಿಪಿ ವೀಡಿಯೋದಲ್ಲಿ ವಾಟರ್ ಹಾಕಲೇ ಇಲ್ಲ," ಎಂದಳು ಮಗಳು.

"ಆ ವೀಡಿಯೋದವರು ಕಡುಬು ಕಂಡಿದ್ದಾರಾ?" ಎಂದೆ.

ಮಧ್ಯಾಹ್ನ ಮುಚ್ಚಳ ತೆಗೆದೆ. ಮಕ್ಕಳೆಲ್ಲ ತೊಟ್ಟಿಲು ಬಿಟ್ಟು ಈಜುತ್ತಿದ್ದವು. ಮೈದಾ ಒಂದು ಕಡೆ ಗಂಜಿ, ಸಾಸೇಜ್ ಇನ್ನೊಂದು ಕಡೆ ಬತ್ತಲೆ.

ಹೆಂಡತಿ ಇಣುಕಿ ನೋಡಿದಳು. "ಮುದೀರಿಗೆ ಚಮಚ ಕೊಡುವುದೋ, ಬಲೆ ಕೊಡುವುದೋ?"

ನನ್ನ ಕೆಂಪು ಬೈರಾಸು

ತಪ್ಪು ಗೊತ್ತಾಯಿತು. ನೀರು ಹಾಕಬಾರದು. ಅಷ್ಟೇ ಅಲ್ಲ, ಒಳಗಿನ ಹಬೆ ಮುಚ್ಚಳಕ್ಕೆ ತಾಗಿ ಮತ್ತೆ ಹಿಟ್ಟಿನ ಮೇಲೆ ತೊಟ್ಟಿಕ್ಕುತ್ತದೆ. ಅದಕ್ಕೆ ಮುಚ್ಚಳದ ಕೆಳಗೆ ಒಂದು ಬಟ್ಟೆ ಬಿಗಿಯಬೇಕು. ಮಗಳು ಹೀಗೆಂದು ವಿವರಿಸಿದಳು. ನಾನಾಗಲೇ ಇದನ್ನು ಕಂಡುಹಿಡಿಯುವವನಿದ್ದೆ, ಅವಳು ಸ್ವಲ್ಪ ಅವಸರ ಮಾಡಿದಳು.

ಬಟ್ಟೆ ಎಲ್ಲಿ? ಹೆಗಲ ಮೇಲೇ ಇತ್ತು. ಊರಿನಿಂದ ತಂದ ಹೊಚ್ಚಹೊಸ ಕೆಂಪು ಬೈರಾಸು, ಅಂದರೆ ಮೈ ಒರೆಸುವ ಟವೆಲು. ಇನ್ನೂ ಒಂದೇ ಒಂದು ಸಲವೂ ಒಗೆದಿರಲಿಲ್ಲ, ಅಷ್ಟು ಶುದ್ಧ. ಬಿಗಿದೆ.

ಈ ಸಲ ಹಿಟ್ಟು ಗಟ್ಟಿಯಾಗಿಯೇ ಬೆಂದಿತ್ತು. ಆಕಾರ ಅಚ್ಚುಕಟ್ಟು, ಪರಿಮಳ ಅದ್ಭುತ. ಬಣ್ಣ ಮಾತ್ರ ಮದುಮಗಳ ಕೆನ್ನೆಯದ್ದು. ಬೈರಾಸಿನ ಕೆಂಪೆಲ್ಲ ಹಬೆಯ ಜೊತೆ ಇಳಿದು ಸಾಸೇಜುಗಳು ಗುಲಾಬಿಯಾಗಿದ್ದವು. ಮಗಳು ನಗುತ್ತಾ ಫೋನಿನಲ್ಲಿ ಫೋಟೋ ಹೊಡೆದಳು.

ಅನ್ನ ಬಿಸಾಡಬಾರದು ಅಂತ ನಮ್ಮ ಹಿರಿಯರು ಹೇಳಿದ್ದಾರೆ. ಫ್ಯಾಕ್ಟರಿಗೆ ಒಯ್ದು ಸ್ಟೋರಿನ ಮಲಯಾಳಿಗೆ ಕೊಟ್ಟೆ. ಪಾಪ, ಅವನಿಗೆ ಮೊಟ್ಟೆ ಬೇಯಿಸಲೂ ಬಾರದು. ಒಂದನ್ನು ಕಚ್ಚಿ, ಅರ್ಧದಲ್ಲೇ ನಿಲ್ಲಿಸಿ, ಹಿಂದೆ ಮುಂದೆ ತಿರುಗಿಸಿ ನೋಡಿದ.

"ಚೇಟ್ಟಾ, ಇದು ಸ್ವೀಟಾ, ಖಾರವಾ?"

"ನಿನಗೆ ಏನನ್ನಿಸುತ್ತದೆ?"

"ಸೋಪು ಅನ್ನಿಸುತ್ತದೆ."

ಗುರುವಾರ

ಗುರುವಾರ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತಳು. "ನೀವು ಹಾಲ್‌ನಲ್ಲಿ ಕೂತ್ಕೊಳ್ಳಿ. ಇಬ್ರಿಗೆ ಹೋಗ್ಲಿಕ್ಕೆ ಆಸೆ ಇದ್ರೆ ಮಾತ್ರ ಒಳಗೆ ಬನ್ನಿ."

ಕೂತೆ. ಅವಳು ಕುಕ್ಕರಿಗೆ ಬೆಣ್ಣೆ ಸವರಿ, ಫ್ರೀಜರಿನ ಪರೋಟವನ್ನು ಪಟ್ಟಿ ಕತ್ತರಿಸಿ ಸಾಸೇಜಿಗೆ ಸುತ್ತಿ, ಮುಚ್ಚಳಕ್ಕೆ ಇಡ್ಲಿಯ ಬಿಳಿ ಬಟ್ಟೆ ಕಟ್ಟಿ ಬೇಯಿಸಿದಳು. ಕೊನೆಗೆ ದೋಸೆ ಕಾವಲಿಯ ಮೇಲೆ ಒಂದೊಂದನ್ನೂ ಹೊರಳಿಸಿ ಕೆಂಪಗೆ ಮಾಡಿದಳು. ನಾನು ಹಾಲ್‌ನಿಂದಲೇ ಮಾರ್ಗದರ್ಶನ ಮಾಡಿದೆ.

ಮುದೀರ್ ಖರ್ಜೂರದ ಡಬ್ಬ ಹಿಡಿದು ಬಂದರು. ಕಾರು ಓಡಿಸಿಕೊಂಡು ಬಂದವನು ಸ್ಟೋರಿನ ಮಲಯಾಳಿ. ಮುದೀರ್ ಒಂದು ತಿಂದರು. ಕಣ್ಣು ಮುಚ್ಚಿದರು. ಇನ್ನೊಂದು ತಿಂದರು.

"ಇದೆಲ್ಲ ನೀವೇ ಮಾಡಿದ್ದಾ?"

"ಸ್ವಂತ ಕೈಯಿಂದ!"

"ಮಾಶಾ ಅಲ್ಲಾ! ನನ್ನ ದೊಡ್ಡ ಚಿಂತೆ ಕಳೆಯಿತು. ಡಿಪೋದ ಹತ್ತಿರ ಹೋಟೆಲಿಲ್ಲ, ಈ ಹುಡುಗನಿಗೆ ಅಡುಗೆ ಬಾರದು. ಇವನನ್ನು ಅಲ್ಲಿಗೆ ಕಳಿಸಿದರೆ ಉಪವಾಸ ಬೀಳುತ್ತಾನೆ. ನೀವಾದರೆ ಒಂದು ಪಾತ್ರೆಯಿದ್ದರೆ ಎಲ್ಲಿ ಬೇಕಾದರೂ ಬದುಕುತ್ತೀರಿ. ಖಲಾಸ್! ಇಬ್ರಿಗೆ ನೀವೇ."

ಕೈಯಲ್ಲಿದ್ದ ಸಾಸೇಜನ್ನು ತಟ್ಟೆಗೆ ಹಾಕಿದೆ. ನೀರು ಕುಡಿದು ಹೇಳಿದೆ, "ಸಾಬ್, ಇದು ನಾನು ಮಾಡಿದ್ದಲ್ಲ."

ಮುದೀರ್ ನನ್ನ ಭುಜ ತಟ್ಟಿದರು. "ನೋಡಿ, ಎಂಥ ವಿನಯ!"

ಹುಟ್ಟಿದ ಲಾಗಾಯ್ತು ನನ್ನ ಮೇಲೆ ವಿನಯದ ಆರೋಪ ಬಂದದ್ದು ಅದೇ ಮೊದಲು. ಎಷ್ಟು ಆಣೆ ಹಾಕಿದರೂ ಅವರು ನಂಬುತ್ತಿಲ್ಲ. ನಾನು "ನನಗೇನೂ ಬಾರದು" ಅಂದಷ್ಟೂ ಅವರ ಗೌರವ ಏರುತ್ತಿದೆ. ಹೆಂಡತಿಯ ಕಡೆ ನೋಡಿದೆ. ಮದುವೆಯಾದಾಗಿನಿಂದ ಇಂಥದ್ದೊಂದು ಅವಕಾಶಕ್ಕೇ ಕಾಯುತ್ತಿದ್ದವಳ ಹಾಗೆ ಅವಳು ಮುಂದೆ ಬಂದಳು.

"ಸಾಬ್, ಇವರು ಸಾಸೇಜಿಗೆ ಎರಡು ಚೊಂಬು ನೀರು ಹಾಕಿದವರು!"

"ಹಾಕಿದೆ, ಸಾಬ್! ಎರಡು ಚೊಂಬು!" ನಾನು ಎದೆ ತಟ್ಟಿಕೊಂಡೆ.

"ಅಂಕಲ್, ಸೀ ದಿಸ್," ಎಂದು ಮಗಳು ಫೋನು ಹಿಡಿದಳು. ಗುಲಾಬಿ ಸಾಸೇಜುಗಳು ಹೊಳೆಯುತ್ತಿದ್ದವು.

ಮುದೀರ್ ಫೋಟೋ ದೊಡ್ಡದು ಮಾಡಿ ನೋಡಿದರು. "ಇದು ತಿನ್ನುವ ವಸ್ತುವೇ?"

ಮೂಲೆಯಿಂದ ಸ್ಟೋರಿನವನು ಎದ್ದು ನಿಂತು ಸಾಕ್ಷಿ ಹೇಳಿದ. "ಅಲ್ಲ, ಸಾಬ್. ನಾನು ತಿಂದಿದ್ದೇನೆ."

ಮುದೀರ್ ನಕ್ಕರು ನೋಡಿ, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು. "ಇವರನ್ನು ಒಬ್ಬರನ್ನೇ ಇಬ್ರಿಗೆ ಕಳಿಸಿದರೆ ಪಾಪ ನನಗೆ ಸುತ್ತಿಕೊಳ್ಳುತ್ತದೆ!"

"ನಾನೇ ಹೋಗ್ತೇನೆ ಸಾಬ್," ಎಂದ ಸ್ಟೋರಿನವನು, ನನ್ನ ಹೆಂಡತಿಯ ಕಡೆ ತಿರುಗಿ. "ಚೇಚಿ ಈ ಪಾತ್ರೆ ಕೊಟ್ಟು, ಮಾಡುವುದು ಹೇಗೆ ಅಂತ ಕಲಿಸಿಕೊಟ್ಟರೆ ಸಾಕು."

ಇವಳು ಕಲಿಸಿದಳು, ಇಡ್ಲಿ ಬಟ್ಟೆಯನ್ನೂ ಕೊಟ್ಟಳು. ಹೀಗೆ ನನ್ನ ಸ್ಲೋ ಕುಕ್ಕರಿಗೆ ಇಬ್ರಿಗೆ ವರ್ಗವಾಯಿತು. ನನ್ನ ಮರ್ಯಾದೆಯೂ ಅದೇ ಗಾಡಿಯಲ್ಲಿ ಹೋಯಿತು. ಈ ಮೂರರಲ್ಲಿ ಬರ್ಕಾದಲ್ಲಿ ಉಳಿದದ್ದು ನಾನೊಬ್ಬನೇ. ಆ ರಾತ್ರಿ ನಾನು ಹೊಡೆದ ಗೊರಕೆಗೆ ಪಕ್ಕದ ಫ್ಲಾಟಿನವರು ಏಸಿ ಕೆಟ್ಟಿದೆಯೆಂದು ತಿಳಿದರಂತೆ.

ಮೊನ್ನೆ ಸ್ಟೋರಿನವನು ಇಬ್ರಿಯಿಂದ ಫೋನು ಮಾಡಿದ. ಮುದೀರ್ ಡಿಪೋ ನೋಡಲು ಹೋಗಿದ್ದರಂತೆ, ಇವನೇ ಸಾಸೇಜ್ ಮಾಡಿಕೊಟ್ಟನಂತೆ, ಭಾರೀ ಮೆಚ್ಚಿದರಂತೆ. ಯಾರು ಕಲಿಸಿದ್ದು ಎಂದು ಕೇಳಿದಾಗ "ಚೇಚಿ" ಅಂದನಂತೆ.

"ಅಲ್ಲ ಮಾರಾಯಾ," ಅಂದೆ, "ಪಾತ್ರೆ ಗೆದ್ದವನು ನಾನು. ನನ್ನ ಹೆಸರೂ ಒಂದು ಮಾತು ಹೇಳಬಾರದಿತ್ತಾ?"

"ಹೇಳಿದೆ ಚೇಟ್ಟಾ. ಅದಕ್ಕೇ ಅವರು ಎರಡನೆಯದನ್ನು ಕಿಟಕಿಯ ಬೆಳಕಿಗೆ ಹಿಡಿದು, ಬಣ್ಣ ನೋಡಿ, ಆಮೇಲೆ ಬಾಯಿಗೆ ಹಾಕಿಕೊಂಡರು."