ದುಬೈ ಕೊಟ್ಟ ಮಾಫಿ

ಕಾಗದಪತ್ರವಿಲ್ಲದೆ ಬಂದು ನೆಲೆಸಿದವರನ್ನೆಲ್ಲ ಶಿಕ್ಷೆಯಿಲ್ಲದೆ ಅವರವರ ಊರಿಗೆ ಕಳಿಸುತ್ತೇವೆಂದು ತೊಂಬತ್ತಾರರಲ್ಲಿ ದುಬೈ ಸರ್ಕಾರ ಸಾರಿತು. ಸಾವಿರಾರು ಮಂದಿ ದೇವರನ್ನು ನೆನೆದರು. ಬ್ಯಾಡಗಿಯ ಚಾಂದಸಾಬನಿಗೆ ಮಾತ್ರ ಅಂದಿನಿಂದಲೇ ಗ್ರಹಚಾರ ವಕ್ಕರಿಸಿತು. ಯಾಕೆಂದರೆ ಅವನು ದುಬೈಯಲ್ಲಿ ಇರಲೇ ಇಲ್ಲ.

ಮೂರು ವರ್ಷದ ಹಿಂದೆ ಹುಬ್ಬಳ್ಳಿಯ ಏಜೆಂಟನೊಬ್ಬ ಅವನನ್ನು ಮುಂಬೈಯ ಲಾಡ್ಜಿನಲ್ಲಿ ಕೂಡಿಸಿ, ಇವತ್ತು ವಿಮಾನ, ನಾಳೆ ವಿಮಾನ ಎನ್ನುತ್ತಲೇ ಕೈಕೊಟ್ಟಿದ್ದ. ಹಾರ ಹಾಕಿ ಕಳಿಸಿದ ಊರಿಗೆ ಯಾವ ಮುಖ ಹೊತ್ತು ಮರಳುವುದು? ಚಾಂದಸಾಬ ಅಲ್ಲೇ ಒಂದು ಬೇಕರಿ ಸೇರಿದ. ಊರಿಗೆ ಫೋನು ಮಾಡಿದಾಗಲೆಲ್ಲ, "ದುಬೈದಾಗ ನನ್ನ ಕಾಗದಪತ್ರ ಸರಿ ಇಲ್ರಿ, ಹೊರಗ ಬಿದ್ರ ಜೇಲಿಗೆ ಹಾಕ್ತಾರ" ಅನ್ನುತ್ತಿದ್ದ. ಆ ಒಂದು ನೆಪ ಇಷ್ಟು ದಿನ ಅವನನ್ನು ಕಾಪಾಡಿತ್ತು. ದುಬೈಯವರು ಅದಕ್ಕೂ ಕಲ್ಲು ಹಾಕಿದರು.

ಓಣಿಯಲ್ಲಿ ಫೋನು ಇದ್ದದ್ದು ಕಿರಾಣಿ ಅಂಗಡಿಯ ಕೊಟ್ರಪ್ಪನ ಹತ್ತಿರ. ಪೇಪರಿನ ಒಂದಕ್ಷರ ಬಿಡದೆ ಓದಿ, ಓದಿದ್ದನ್ನೆಲ್ಲ ಭಾಷಣ ಮಾಡುವ ಪಾರ್ಟಿ ಮನುಷ್ಯ. "ಮಾಫಿ ಆಗೇತಿ, ಲಗೂನ ಬಾ. ಬರಲಿಲ್ಲಂದ್ರ ಅಲ್ಲೇ ಇನ್ನೊಂದು ಸಂಸಾರ ಹೂಡ್ಯಾನಂತ ಜೈತೂನಬಿ ತಿಳಕೊಂತಾಳ ನೋಡು" ಎಂದ.

ಹೆಂಡತಿಯ ಹೆಸರು ಕೇಳಿದ್ದೇ ಚಾಂದಸಾಬ ಫೋನು ಇಟ್ಟ. ಸಾಕಾಗಿತ್ತು ಅವನಿಗೆ. ಇನ್ನು ಮನೆಯಲ್ಲೇ ಇದ್ದುಬಿಡೋಣವೆಂದು ಬೇಕರಿ ಬಿಟ್ಟು, ಎರಡು ಬಾಟಲಿ ಸೆಂಟು ಕೊಂಡು, ಒಂದು ಮುಂಜಾನೆ ಬ್ಯಾಡಗಿಯಲ್ಲಿ ಬಂದಿಳಿದ.

"ಯವ್ವಾ, ದುಬೈ ಬಿಸಲಿಗೆ ಎಷ್ಟು ಕರ್ರಗ ಆಗೀಯೋ ಚಾಂದಾ!" ಎಂದಳು ಪಕ್ಕದ ಮನೆಯ ಗುಡ್ಡವ್ವ. ಅದು ಬೇಕರಿ ಭಟ್ಟಿಯ ಕೃಪೆ. ಚಾಂದಸಾಬ ಹಲ್ಲು ಕಿರಿದ.

ಮನೆ ಮುಟ್ಟುವ ಮೊದಲೇ ಕೊಟ್ರಪ್ಪ ಅವನನ್ನು ಅಂಗಡಿಗೆ ಎಳೆದು ಕೊರಳಿಗೆ ಹಾರ ಹಾಕಿದ. ಕಟ್ಟೆಯ ಮೇಲೆ ಕುಂತಿದ್ದ ಉಡಚಪ್ಪನಿಗೆ ತಡೆಯಲಾಗಲಿಲ್ಲ.

"ಅಲ್ಲೋ ಕೊಟ್ರಾ, ನಿನ್ನೆ ರಾಣೇಬೆನ್ನೂರ ಸಭಾದಾಗ ನುಸುಳುಕೋರರನ್ನ ಒದ್ದು ಹೊರಗ ಹಾಕ್ರಿ ಅಂತ ಒದರಿದಿ. ಇವಂಗ ಯಾಕ ಹಾರಾ?"

"ಅವರು ನಮ್ಮ ದೇಶಕ್ಕ ಬಂದವರು. ಇಂವ ಮಂದಿ ದೇಶಕ್ಕ ಹೋದಂವ. ಎರಡೂ ಒಂದ ಆಗತೈತೇನು?"

"ಕಾಗದಾ ಇಬ್ಬರ ಕಡೆನೂ ಇಲ್ಲಲ್ಲ!"

"ಇಂವ ಹೊಟ್ಟಿಪಾಡಿಗೆ ಹೋಗಿದ್ದ."

"ಅವರೇನು ಜಾತ್ರಿ ನೋಡಾಕ ಬಂದಾರೇನು?"

ಚಾಂದಸಾಬ ತಲೆ ತಗ್ಗಿಸಿ ಕುಂತ. ಮುಂಬೈ ಪೊಲೀಸರು ಅವನನ್ನೂ ಒಮ್ಮೆ ಹಿಡಿದು, ಯಾವ ದೇಶದಿಂದ ನುಸುಳಿದಿ ಎಂದು ಸಂಜೆಯವರೆಗೆ ಠಾಣೆಯಲ್ಲಿ ಕೂಡಿಸಿದ್ದರು. ಅದನ್ನು ಇಲ್ಲಿ ಹೇಳುವಂತಿರಲಿಲ್ಲ.

"ನೀನ ಹೇಳಪಾ ಚಾಂದಸಾಬ. ಮಾಫಿ ಕೊಡಬೇಕೋ ಬ್ಯಾಡೋ?" ಎಂದು ಉಡಚಪ್ಪ ಅವನತ್ತ ತಿರುಗಿದ.

"ಕೊಡಲೇಬಾರದ್ರಿ!" ಎಂದುಬಿಟ್ಟ ಚಾಂದಸಾಬ, ತನ್ನ ನೆಪ ಕಸಿದ ಮಾಫಿಯ ಮೇಲಿನ ಸಿಟ್ಟಿಗೆ.

ಎಲ್ಲರೂ ಬೆಪ್ಪಾದರು. "ನೋಡ್ರಿ, ಕಾನೂನಂದ್ರ ಎಷ್ಟು ಮರ್ಯಾದಿ!" ಎಂದು ಕೊಟ್ರಪ್ಪ ಚಪ್ಪಾಳೆ ತಟ್ಟಿದ.

ಮನೆಯಲ್ಲಿ ಜೈತೂನಬಿ ಅತ್ತಳು, ನಕ್ಕಳು, ಚಹಾ ಕೊಟ್ಟಳು. ಆಮೇಲೆ ಸಡಗರದಿಂದ ಹೇಳಿದಳು: "ನನ್ನ ತಮ್ಮ ದಾದಾಪೀರನೂ ಇವತ್ತ ಸಂಜಿಕೆ ದುಬೈಕ ಹೊಂಟಾನ್ರಿ. ನಿಮ್ಮನ್ನ ಕಳಿಸಿದ ಏಜೆಂಟನ ಕಡಿಂದನ. ಅಮ್ಮ ಮೇಡ್ಲೇರಿ ಊರಾಗಿನ ಹೊಲಾ ಮಾರಿ ಕೊಟ್ಟಾಳ."

ಚಾಂದಸಾಬ ಕುಡಿಯುತ್ತಿದ್ದ ಚಹಾ ಕೆಳಗಿಟ್ಟ. ತನ್ನ ಸುಳ್ಳು ತನ್ನನ್ನಷ್ಟೇ ತಿಂದಿದ್ದರೆ ಸಹಿಸಬಹುದಿತ್ತು. ಈಗ ಅತ್ತೆಯ ಹೊಲವನ್ನೂ ನುಂಗಿ, ಪಾಪದ ಹುಡುಗನ ಕಾಲಿಗೆ ಬಾಯಿ ಹಾಕಿತ್ತು.

ಸಂಜೆ ದಾದಾಪೀರನನ್ನು ಕಳಿಸಲು ಓಣಿಯೇ ಕೂಡಿದಾಗ ಚಾಂದಸಾಬ ಎದ್ದು ನಿಂತ. "ಇವನ್ನ ಕಳಿಸಬ್ಯಾಡ್ರಿ. ಆ ಏಜೆಂಟ ಮೋಸಗಾರ. ನಾ ದುಬೈ ಕಂಡಿಲ್ಲ. ಮೂರು ವರ್ಷ ಮುಂಬೈ ಬೇಕರ್ಯಾಗ ಪಾವ್ ಸುಟ್ಟೇನಿ!"

ಮೊದಲು ಚೇತರಿಸಿಕೊಂಡವನು ಕೊಟ್ರಪ್ಪ.

"ಮುಂಬೈದಾಗ ಇದ್ದಂವಗ ದುಬೈ ಸರ್ಕಾರ ಮಾಫಿ ಹೆಂಗ ಕೊಡತೈತಪಾ?"

ಚಾಂದಸಾಬನನ್ನು ಊರಿಗೆ ಕರೆಸಿದ್ದೇ ಆ ಮಾಫಿ, ಕೊರಳಲ್ಲಿ ಅದರ ಹಾರ ಬೇರೆ ಬಿದ್ದಾಗಿತ್ತು. ಹೊಟ್ಟೆಕಿಚ್ಚು ಎಂದರು ಕೆಲವರು. ಬಿಸಿಲು ತಲೆಗೆ ಏರಿದೆ ಎಂದಳು ಗುಡ್ಡವ್ವ. ಜೈತೂನಬಿಯ ಕಣ್ಣು ಕೆಂಪಾದವು.

"ನನ್ನ ತಮ್ಮ ಉದ್ಧಾರ ಆಗೂದು ನಿಮಗ ಸೇರವಲ್ದು. ನೀವ ಅವನ ಜೋಡಿ ಹೋಗ್ರಿ. ವಿಮಾನಾ ಹತ್ತಿಸಿದ ಮ್ಯಾಲ ಮನಿಗೆ ಬರ್ರಿ. ಇಲ್ಲಂದ್ರ ಈ ಹೊಸ್ತಿಲಾ ತುಳೀಬ್ಯಾಡ್ರಿ."

ಹೀಗೆ ಮುಂಜಾನೆ ಬಂದವನು ಸಂಜೆಯೇ ಹಾವೇರಿಯಲ್ಲಿ ಮುಂಬೈ ಬಸ್ಸು ಹತ್ತಿದ. ಮೂರು ವರ್ಷದ ಮೇಲೆ ಮನೆಯಲ್ಲಿ ಒಂದು ಊಟವನ್ನೂ ನೆಮ್ಮದಿಯಿಂದ ಉಂಡಿರಲಿಲ್ಲ.

ಬಸ್ಸು ಬಂಕಾಪುರ ದಾಟುತ್ತಲೇ ದಾದಾಪೀರ ಓಣಿಯವರು ಹಾಕಿದ್ದ ಹಾರ ತೆಗೆದು ಕಿಟಕಿಯಿಂದ ಎಸೆದ.

"ಭಾಯಿ, ನೀವು ಹೇಳಿದ್ದು ಖರೇ ಐತಿ. ಹೋದ ವಾರ ಹುಬ್ಬಳ್ಳಿಗೆ ಹೋಗಿದ್ದೆ. ಏಜೆಂಟನ ಆಫೀಸಿಗೆ ಬೀಗಾ ಬಿದ್ದೈತಿ. ವಿಮಾನಾನೂ ಇಲ್ಲ, ಏನೂ ಇಲ್ಲ."

"ಹರಾಮಖೋರ! ಮತ್ತ ನಾ ಅಲ್ಲಿ ಬಾಯಿ ಬಡಕೋಮುಂದ ಯಾಕ ಸುಮ್ಮನ ನಿಂತಿದ್ದಿ?"

"ಅಮ್ಮ ಹೊಲಾ ಮಾರ್ಯಾಳ್ರಿ. ಯಾವ ಬಾಯಿಲೆ ಹೇಳ್ಲಿ?" ಹುಡುಗ ಮೆಲ್ಲಗೆ ಕೇಳಿದ: "ಭಾಯಿ, ನಿಮ್ಮ ಬೇಕರ್ಯಾಗ ಒಂದು ಜಾಗಾ ಸಿಕ್ಕೀತೇನ್ರಿ?"

ಚಾಂದಸಾಬ ಕಿಟಕಿ ಮುಚ್ಚಿದ.

"ಒಂದ ಐತಿ," ಎಂದ. "ನಾ ಬಿಟ್ಟು ಬಂದದ್ದು."