ಡ್ರಿಲ್ ಮೇಷ್ಟ್ರ ಆನ್‌ಲೈನ್ ಶಭಾಷ್

ಅರಸೀಕೆರೆ ಬಸ್ ಸ್ಟ್ಯಾಂಡ್ ಹತ್ತಿರ ನಾನು ಸೈಬರ್ ಸೆಂಟರ್ ಇಟ್ಟಿದ್ದ ಕಾಲದಲ್ಲಿ ನಗುವಿಗೆ ಬರ ಅನ್ನೋದೇ ಇರಲಿಲ್ಲ. ಕರೆಂಟ್ ಕೈಕೊಟ್ಟ ದಿನವೂ ಏನಾದರೊಂದು ನಡೆದೇ ತೀರುತ್ತಿತ್ತು. ಅದರಲ್ಲಿ ಮುಕ್ಕಾಲು ಪಾಲು, ಬಾಣಾವರದಿಂದ ಬರುತ್ತಿದ್ದ ರಿಟೈರ್ಡ್ ಡ್ರಿಲ್ ಮೇಷ್ಟ್ರ ಕೊಡುಗೆ.

ಒಂದು ಬೆರಳು

ಹಳೇ ಗೆಳೆಯರನ್ನು ಹುಡುಕಿ, ಅವರ ಪುಟದಲ್ಲಿ ಎರಡು ಸಾಲು ಗೀಚುವ ವೆಬ್‌ಸೈಟು ಆಗ ಹೊಸ ಹುಚ್ಚು. ಶಿಷ್ಯರನ್ನು ಹುಡುಕೋಕೆ ಮೇಷ್ಟ್ರಿಗೂ ಒಂದು ಅಕೌಂಟ್ ಬೇಕಾಯಿತು.

“ನಾನು ಬರೆದದ್ದು ಎಲ್ಲರಿಗೂ ಕಾಣುತ್ತೇನಯ್ಯಾ?”

“ಎಲ್ಲರಿಗೂ ಕಾಣುತ್ತೆ ಸಾರ್.”

“ಹಂಗಾದ್ರೆ ಇಲ್ಲಿ ಬಯ್ಯೋ ಹಂಗಿಲ್ಲ. ಬೈಗುಳ ಕಿವೀಲಿ, ಹೊಗಳಿಕೆ ಬೀದೀಲಿ.”

ಅಂದಿನಿಂದ ದಿನಾ ಸಂಜೆ ಬಂದು, ಒಬ್ಬ ಶಿಷ್ಯನಿಗಾದರೂ ಒಳ್ಳೇ ಮಾತು ಬರೆಯದೆ ಎದ್ದವರಲ್ಲ. ಟೈಪ್ ಮಾಡುತ್ತಿದ್ದದ್ದು ಮಾತ್ರ ಒಂದೇ ಬೆರಳಲ್ಲಿ. “ಮಿಕ್ಕ ಬೆರಳು ಯಾಕೆ ಸುಮ್ಮನಿವೆ ಸಾರ್?” ಅಂದೆ.

“ಅವು ವಿಶ್ರಾಮ್‌ನಲ್ಲಿವೆ ಕಣಯ್ಯಾ.”

ಎಡಗಾಲು, ಬಲಗಾಲು

ಹುಲಿಕೆರೆ ಕಡೆ ಹೊಸದಾಗಿ ಟೀಚರ್ ಆಗಿದ್ದ ಹಳೇ ಶಿಷ್ಯೆಯೊಬ್ಬಳು, “ನಾನು ಹೇಳೋದು ಮಕ್ಕಳಿಗೆ ಅರ್ಥವೇ ಆಗಲ್ಲ, ಕೆಲಸ ಬಿಡೋಣ ಅನ್ನಿಸಿದೆ” ಅಂತ ಬರೆದುಕೊಂಡಿದ್ದಳು. ಮೇಷ್ಟ್ರು ತಕ್ಷಣ ಬರೆದರು: “ಹೆದರಬೇಡ ಮಗಳೇ. ನಾನು ಎಡಗಾಲು ಅಂದ್ರೆ ನಿಮ್ಮ ಅರ್ಧ ಕ್ಲಾಸು ಬಲಗಾಲು ಎತ್ತೋದು. ಆದ್ರೂ ಎಲ್ಲರೂ ಮುಂದಕ್ಕೇ ಹೋದ್ರಿ.”

ಅವಳು ಕೆಲಸ ಬಿಡಲಿಲ್ಲ.

ಬೇಲೂರಿನ ಬಾಲಿಕೆ

ಬೇಲೂರಲ್ಲಿ ಗೈಡ್ ಆಗಿದ್ದ ಶಿಷ್ಯನೊಬ್ಬ ದೇವಸ್ಥಾನದಲ್ಲಿ ತೆಗೆಸಿದ ಫೋಟೊ ಹಾಕಿದ. ಮೇಷ್ಟ್ರು, “ಶಭಾಷ್! ದೇಶಕ್ಕೆಲ್ಲ ನಮ್ಮ ಸೀಮೆ ತೋರಿಸ್ತಿದ್ದೀಯ. ಬೆನ್ನು ಮಾತ್ರ ನೆಟ್ಟಗಿರಲಿ” ಅಂತ ಬರೆದರು.

ಅವನು ತುಂಟ. “ಸಾರ್, ನನ್ನ ಹಿಂದಿರೋ ಶಿಲಾಬಾಲಿಕೆ ಸೊಂಟ ಬಳುಕಿಸ್ಕೊಂಡು ನಿಂತವಳೆ. ಅವಳಿಗೇನೂ ಅನ್ನಲ್ವಾ?”

ಮೇಷ್ಟ್ರ ಉತ್ತರ: “ಅವಳು ನನ್ನ ಸ್ಟೂಡೆಂಟ್ ಅಲ್ಲ.”

ಹೈಜಂಪ್ ಶಿಷ್ಯ

ಇಂಟರ್‌ವ್ಯೂಗಳಲ್ಲೆಲ್ಲ ಫೇಲಾಗಿ, “ಇನ್ನು ನನ್ನಿಂದಾಗಲ್ಲ” ಅಂತ ಒಬ್ಬ ಬರೆದುಕೊಂಡಿದ್ದ. ಹೆಸರು ನೋಡಿದ್ದೇ ಮೇಷ್ಟ್ರಿಗೆ ಗುರುತು ಸಿಕ್ಕಿತು. “ಹೈಜಂಪ್‌ನಲ್ಲಿ ಫಸ್ಟ್ ಬಂದೋನು ಕಣೋ ನೀನು! ಇದೊಂದು ಹಾರಕ್ಕಾಗಲ್ವಾ?” ಅಂತ ಶುರುಮಾಡಿ, ಅವನಿಗೆ ದಿನಾ ಒಂದು ಸಾಲು ತಪ್ಪಿಸಲಿಲ್ಲ. ಅವನು “ಥ್ಯಾಂಕ್ಸ್ ಸಾರ್” ಬಿಟ್ಟು ಬೇರೇನೂ ಬರೆಯುತ್ತಿರಲಿಲ್ಲ.

ಕೆಲವು ತಿಂಗಳಾದ ಮೇಲೆ ಕಡೂರಿಂದ ರೈಲಲ್ಲಿ ಬಂದಿಳಿದ ಒಬ್ಬ ನೇರ ನಮ್ಮ ಸೆಂಟರಿಗೆ ಬಂದ. ಗುಂಡು ಗುಂಡಗಿನ ಆಳು, ಕೈಯಲ್ಲಿ ಪೇಡದ ಡಬ್ಬಿ. ಆ “ಥ್ಯಾಂಕ್ಸ್ ಸಾರ್” ಹುಡುಗನೇ; ಕೆಲಸ ಸಿಕ್ಕಿತ್ತು. ಮೇಷ್ಟ್ರ ಕಾಲಿಗೆ ಬಿದ್ದ. ಮೇಷ್ಟ್ರು ಅವನನ್ನು ಮೇಲಿಂದ ಕೆಳಗೆ ನೋಡಿದರು.

“ಹೈಜಂಪ್ ಹಾರಿದ್ದು ನೀನಾ?”

“ಇಲ್ಲ ಸಾರ್. ನಾನು ಚರಂಡೀನೂ ಹಾರಿದೋನಲ್ಲ. ನಿಮ್ಮ ಸ್ಕೂಲೂ ನೋಡಿಲ್ಲ. ನಿಮ್ಮ ಶಿಷ್ಯ ಬೇರೆ ಯಾರೋ, ಹೆಸರೊಂದೇ.”

“ಮೊದಲೇ ಹೇಳೋದಲ್ವೇನಯ್ಯಾ?”

“ಹೇಳಿದ್ರೆ ನೀವು ನಿಲ್ಲಿಸಿಬಿಡ್ತಿದ್ರಿ. ಮನೇಲಿ ಎಲ್ಲರೂ ಆಗಲ್ಲ ಅಂದಾಗ, ಆಗುತ್ತೆ ಅಂದೋರು ನೀವೊಬ್ಬರೇ. ಓದ್ತಾ ಓದ್ತಾ, ನಾನು ನಿಜವಾಗ್ಲೂ ಯಾವತ್ತೋ ಹಾರಿದ್ದೆ ಅನ್ನಿಸಿಬಿಡ್ತು ಸಾರ್.”

ಮೇಷ್ಟ್ರ ಕಣ್ಣು ಒದ್ದೆಯಾಯಿತು. ಒಂದು ಪೇಡ ಬಾಯಿಗಿಟ್ಟುಕೊಂಡು, ನನ್ನ ಕಡೆ ತಿರುಗಿದರು.

“ಅಲ್ಲ ಕಣಯ್ಯಾ, ಇಡೀ ಸರ್ವೀಸಲ್ಲಿ ನನ್ನ ಹತ್ರ ಕಲಿತೋರು ಒಬ್ಬರೂ ಪೇಡ ತಂದಿಲ್ಲ. ಇನ್ಮೇಲೆ ಗುರುತಿಲ್ಲದೋರನ್ನೇ ಹುಡುಕಿಕೊಡು!”